ಎಮರ್ಜೆನ್ಸಿ ವಾರ್ಡಿನಲ್ಲಿ ಮೂರನೆಯ ದಾರಿಯೊಂದು ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಿಂದ ಗೌರವಪೂರ್ವಕ ನಮಸ್ಕಾರಗಳು.

ಕಳೆದ ಮಳೆಗಾಲದ ಒಂದು ರಾತ್ರಿ, ಉಸಿರು ಕಟ್ಟಿ ಒದ್ದಾಡುತ್ತಿದ್ದ ನನ್ನ ತಂದೆಯವರನ್ನು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ದೆವು. ಶ್ವಾಸಕೋಶದ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ಇನ್ನು ಗುಣವಾಗುವ ಸಾಧ್ಯತೆಯಿಲ್ಲ ಎಂದು ಬೆಂಗಳೂರಿನ ವೈದ್ಯರು ಎರಡು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದ ಕಾಗದ ನನ್ನ ಕೈಯಲ್ಲಿತ್ತು. "ಗಂಟಲಿಗೆ ಪೈಪು ಹಾಕಿಸಬೇಡಿ" ಎಂದು ಅಪ್ಪ ನಮ್ಮೆಲ್ಲರೆದುರು ಹೇಳಿಯೂ ಇದ್ದರು. ಕರ್ತವ್ಯದಲ್ಲಿದ್ದ ಯುವ ವೈದ್ಯರು ನಮ್ಮ ಮುಂದೆ ಎರಡೇ ದಾರಿ ಇಟ್ಟರು: ವೆಂಟಿಲೇಟರ್‌ಗೆ ಒಪ್ಪುವುದು, ಇಲ್ಲವೇ ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆಂದು ಸಹಿ ಹಾಕಿ ಹೊರಡುವುದು. ನಾವು ಸಹಿ ಹಾಕಿದೆವು. ಮನೆ ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ ಅಪ್ಪ ಆಂಬುಲೆನ್ಸ್‌ನಲ್ಲೇ ತೀರಿಕೊಂಡರು, ಕೊನೆಯ ಗಳಿಗೆಯವರೆಗೂ ಏದುಸಿರು ಬಿಡುತ್ತ.

ಆ ವೈದ್ಯರನ್ನು ದೂರುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಅವರ ಕೈ ನಡುಗುತ್ತಿದ್ದುದನ್ನು ನಾನು ನೋಡಿದ್ದೇನೆ. ಪೈಪು ಹಾಕದಿದ್ದರೆ ನಾಳೆ ಕೇಸಾಗಬಹುದು ಎಂಬ ಭಯ, ಜೀವ ಉಳಿಸುವುದೊಂದೇ ತನ್ನ ಕೆಲಸವೆಂಬ ತರಬೇತಿ, ಹೊರಗೆ ಕಾಯುತ್ತಿದ್ದ ಇನ್ನೂ ನಾಲ್ಕು ರೋಗಿಗಳು, ಇವುಗಳ ನಡುವೆ ಅವರಿಗೆ ಮೂರನೆಯ ದಾರಿ ಹೊಳೆಯಲೇ ಇಲ್ಲ. ಆ ದಾರಿಯೇನೂ ದೊಡ್ಡದಲ್ಲ. ಅಪ್ಪನಿಗೆ ಸಣ್ಣ ಪ್ರಮಾಣದಲ್ಲಿ ಮಾರ್ಫಿನ್ ಎಂಬ ಅಫೀಮು ಮೂಲದ ನೋವುನಿವಾರಕ ಔಷಧ ಕೊಟ್ಟು ಉಸಿರಾಟದ ಸಂಕಟವನ್ನು ತಗ್ಗಿಸಿ, ಪರದೆ ಎಳೆದು, ನಮ್ಮನ್ನು ಅವರ ಪಕ್ಕ ಕೂರಲು ಬಿಟ್ಟಿದ್ದರೆ ಸಾಕಿತ್ತು.

ಇಲ್ಲಿರುವ ಗೊಂದಲವನ್ನು ತಮ್ಮ ಇಲಾಖೆಯೇ ಬಿಡಿಸಬೇಕು. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೊಳಿಸಲು ನಮ್ಮ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದಾಗ ನನ್ನಂಥವರಿಗೆ ನಿಜಕ್ಕೂ ಸಮಾಧಾನವಾಗಿತ್ತು. ಆದರೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಅಥವಾ ಆರಂಭಿಸದಿರಲು ಎರಡು ವೈದ್ಯಕೀಯ ಮಂಡಳಿಗಳು, ಅಂದರೆ ವೈದ್ಯರ ಸಮಿತಿಗಳು, ಒಪ್ಪಬೇಕು, ಪ್ರತಿಯೊಂದೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ತೀರ್ಮಾನಿಸಬೇಕು. ನಡುರಾತ್ರಿ ಎಮರ್ಜೆನ್ಸಿ ವಾರ್ಡಿಗೆ ಬಂದ ರೋಗಿಯ ಬಳಿ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಅದಿರಲಿ, ನೋವನ್ನೂ ಉಸಿರಾಟದ ಸಂಕಟವನ್ನೂ ಶಮನಗೊಳಿಸಲು ಯಾವ ಮಂಡಳಿಯ ಅನುಮತಿಯೂ ಬೇಕಿಲ್ಲ. ಅದು ದಯಾಮರಣವಲ್ಲ, ಚಿಕಿತ್ಸೆ. ಈ ವ್ಯತ್ಯಾಸ ತಿಳಿಯದಿದ್ದರೆ ವೈದ್ಯರು ಎರಡನ್ನೂ ಒಂದೇ ಎಂದು ಭಾವಿಸಿ, ಎರಡರಿಂದಲೂ ದೂರ ಸರಿಯುತ್ತಾರೆ.

ಹಾಸನದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ತುರ್ತು ಘಟಕದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ವೈದ್ಯರಿಗೂ ದಾದಿಗೂ ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ರೋಗಿಯ ನೋವು-ಸಂಕಟ ತಗ್ಗಿಸುವ ಆರೈಕೆಯ, ತರಬೇತಿ ಅಲ್ಲಿಂದಲೇ ಆರಂಭವಾಗಲಿ. ಕಾನೂನು ಏನನ್ನು ಅನುಮತಿಸುತ್ತದೆ ಎಂಬುದಷ್ಟೇ ಅಲ್ಲ, "ಇನ್ನು ಹೆಚ್ಚು ಸಮಯವಿಲ್ಲ" ಎಂಬ ಮಾತನ್ನು ಮನೆಯವರಿಗೆ ಹೇಗೆ ಹೇಳಬೇಕು ಎಂಬುದನ್ನೂ ಅವರಿಗೆ ಕಲಿಸಬೇಕು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಷ್ಟದ್ದು. ಮಾರ್ಫಿನ್ ಕೊರತೆಯ ಬಗ್ಗೆಯೂ ಒಂದು ಮಾತು: ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ತಾಲ್ಲೂಕು ಆಸ್ಪತ್ರೆಗಳಿಗೂ ಆ ಮಾನ್ಯತೆ ಕೊಡಿಸಿ, ರಾತ್ರಿ ಪಾಳಿಯವರ ಕೈಗೆ ಔಷಧ ಸಿಗುವಂತೆ ಮಾಡಿ. ಹಾಗೆಯೇ ಸಹಿ ಹಾಕಿಸುವ ಆ ನಮೂನೆಯ ಪಕ್ಕದಲ್ಲಿ ಇನ್ನೊಂದು ನಮೂನೆಯೂ ಇರಲಿ: ರೋಗಿಯ ಇಚ್ಛೆ ಏನಿತ್ತು, ಆರಾಮಕ್ಕಾಗಿ ಏನು ಕೊಡಲಾಯಿತು ಎಂದು ದಾಖಲಿಸುವಂಥದ್ದು. ಪ್ರಾಮಾಣಿಕವಾಗಿ ನಡೆದುಕೊಂಡ ವೈದ್ಯರಿಗೆ ನಾಳೆ ಅದೇ ಆಧಾರವಾಗುತ್ತದೆ.

ಬರುವ ಮಳೆಗಾಲದೊಳಗೆ ಈ ಎರಡು ಜಿಲ್ಲೆಗಳಲ್ಲಾದರೂ ಇದನ್ನು ಆರಂಭಿಸುವಿರೇ ಎಂಬುದಕ್ಕೆ ತಮ್ಮಿಂದ ಲಿಖಿತ ಉತ್ತರವನ್ನು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಮಗಳು