ಹಿತ್ತಿಲ ಹಣ್ಣಿನ ಅಂಚೆಚೀಟಿಗಳು

ಪೆರ್ಲ, ಕಾಸರಗೋಡು

ಪ್ರೀತಿಯ ಶ್ಯಾಮ,

ನಿನ್ನ ಮಗಳು ಹಣ್ಣುಗಳ ಅಂಚೆಚೀಟಿ ಕೂಡಿಡಲು ಹೊರಟಿದ್ದಾಳೆಂದು ತಿಳಿದು ಬಹಳ ಖುಷಿಯಾಯಿತು ಮಾರಾಯ. ಹತ್ತಾರು ದೇಶದ ಚೀಟಿಗಳನ್ನು ಒಂದೇ ಪೊಟ್ಟಣದಲ್ಲಿ ಮಾರುತ್ತಾರೆ, ಅದನ್ನು ಮಾತ್ರ ಕೊಡಿಸಬೇಡ. ಊರಿಗೆ ಬಂದಾಗ ಅಜ್ಜನ ಹಿತ್ತಿಲಲ್ಲಿ ಅವಳೇ ಹೆಕ್ಕಿ ತಿಂದ ಹಣ್ಣುಗಳಿಂದ ಶುರುವಾಗಲಿ. ಮಾವು, ಹಲಸು, ಬಾಳೆ, ಗೇರು ಸಾಕು.

ಮಾವು ಸುಲಭ. 1967ರಲ್ಲಿ ನಮ್ಮ ಅಂಚೆ ಇಲಾಖೆಯೇ 50 ಪೈಸೆಯ ಚೀಟಿಯಲ್ಲಿ ಮಾವಿನಹಣ್ಣು ಅಚ್ಚು ಹಾಕಿತ್ತು. ಹಲಸಿಗೆ ಬಾಂಗ್ಲಾದೇಶದ್ದನ್ನು ಹುಡುಕು. ಅಲ್ಲಿ ಅದು ರಾಷ್ಟ್ರೀಯ ಹಣ್ಣು. ಸ್ವತಂತ್ರವಾದ ಹೊಸತರಲ್ಲೇ, 1973ರ ದಿನಬಳಕೆಯ ಚೀಟಿಗಳಲ್ಲಿ ಹುಲಿಯ ಜೊತೆ ಹಲಸಿಗೂ ಜಾಗ ಕೊಟ್ಟರು. ನಮ್ಮ ಕೇರಳ ಅದನ್ನು ರಾಜ್ಯದ ಹಣ್ಣೆಂದು ಘೋಷಿಸಿದ್ದು 2018ರಲ್ಲಿ.

ಬಾಳೆಯದ್ದನ್ನು ಕಂಡರೆ ಅವಳು ಕುಣಿದಾಳು. ಪೆಸಿಫಿಕ್ ಸಾಗರದ ಟೊಂಗಾ ದ್ವೀಪದವರು 1969ರಲ್ಲಿ ಬಾಳೆಹಣ್ಣಿನ ಆಕಾರದಲ್ಲೇ ಚೀಟಿ ತಂದರು. ನಾಲ್ಕು ಮೂಲೆಯೂ ಇಲ್ಲ, ಅಂಚಿನ ತೂತುಗಳ ಸಾಲೂ ಇಲ್ಲ. ಹಿಂದಿನ ಕಾಗದದಿಂದ ಸುಲಿದು ಅಂಟಿಸಿದರಾಯಿತು. ಆಟಿಯ ಮಳೆಯಲ್ಲಿ ಗೋಂದಿನ ಚೀಟಿಗಳು ಸುರುಳಿ ಸುತ್ತಿ ಒಂದಕ್ಕೊಂದು ಹಿಡಿದುಕೊಳ್ಳುವುದನ್ನು ಕಂಡ ನಮಗೆ ಅದರ ಬೆಲೆ ಗೊತ್ತು. ಅನಾನಸು, ಪಪ್ಪಾಯಿ ಬೇಕೆಂದರೆ ಮಲೇಷ್ಯಾದ 1986ರ ಹಣ್ಣಿನ ಮಾಲೆ ಇದೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಗೇರು. ನಮ್ಮ ದೇಶದ್ದೇ 1980ರ ಚೀಟಿ, ಬೆಲೆ 2 ರೂಪಾಯಿ 25 ಪೈಸೆ. ಅದನ್ನು ನೋಡುವಾಗೆಲ್ಲ ನಮ್ಮ ಎಣ್ಮಕಜೆಯ ಗುಡ್ಡಗಳೇ ಕಣ್ಣಮುಂದೆ ಬರುತ್ತವೆ. ಆ ಚೀಟಿ ದೇಶವಿಡೀ ಓಡಾಡುತ್ತಿದ್ದ ಕಾಲದಲ್ಲೇ ಇಲ್ಲಿಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಪಡ್ರೆಯ ಕಡೆ ಆ ವಿಷಕ್ಕೆ ಸಿಕ್ಕಿ ಹಾಸಿಗೆ ಹಿಡಿದ ಮಕ್ಕಳನ್ನು ಇವತ್ತಿಗೂ ಅಮ್ಮಂದಿರು ಎತ್ತಿ ಆಡಿಸುತ್ತಿದ್ದಾರೆ. ಇದನ್ನೂ ಮಗಳಿಗೆ ಹೇಳು. ಚೀಟಿಯ ಕೆಳಗೆ ಅವಳ ಕೈಬರಹದಲ್ಲೇ ನಾಲ್ಕು ಸಾಲು ಬರೆಯಲಿ. ಹಣ್ಣಿನ ಚೆಂದ ಅದರಿಂದ ಕಡಿಮೆಯಾಗುವುದಿಲ್ಲ. ಉಪ್ಪು ಹಾಕಿ ತಿಂದ ಗೇರುಹಣ್ಣಿನ ಒಗರು ನಮ್ಮ ನಾಲಿಗೆಯಿಂದ ಹೋಗಿದೆಯೇ?

ಮುದ್ರೆ ಬೀಳದ ಗೇರುಚೀಟಿ ಅಂಗಡಿಯಲ್ಲಿ ಸಿಗಬಹುದು. ನನಗೆ ಬೇಕಾದದ್ದು ನಮ್ಮೂರ ಅಂಚೆಕಚೇರಿಯ ಮುದ್ರೆ ಬಿದ್ದದ್ದು. ಸಾಮಾನ್ಯ ಕಾಗದಕ್ಕೆ ಅಷ್ಟು ಬೆಲೆಯ ಚೀಟಿ ಬೇಕಿರಲಿಲ್ಲವಲ್ಲ, ಹಾಗಾಗಿ ರಿಜಿಸ್ಟರ್ ಮಾಡಿದ್ದು, ಗಲ್ಫಿಗೆ ಹೋದದ್ದು, ಇಂಥ ಲಕೋಟೆಗಳಲ್ಲೇ ಹುಡುಕಬೇಕು. ನಿನ್ನ ದೊಡ್ಡಪ್ಪ ಆಗ ದುಬೈಯಲ್ಲಿದ್ದರು. ಇಲ್ಲಿಂದ ಹೋದ ಕಾಗದಗಳನ್ನು ಕಟ್ಟಿಟ್ಟಿದ್ದಾರೆಂದು ದೊಡ್ಡಮ್ಮ ಒಮ್ಮೆ ಹೇಳಿದ ನೆನಪು. ಈ ಸಲ ಬಂದಾಗ ಕೇಳಿ ನೋಡು. ಸಿಕ್ಕರೆ ಚೀಟಿ ಬಿಡಿಸಲು ನೀರಿಗೆ ಹಾಕಬೇಡ, ಕತ್ತರಿಯೂ ಆಡಿಸಬೇಡ. ಲಕೋಟೆ ಇದ್ದ ಹಾಗೆಯೇ ತೆಗೆದಿಡು. ಒಳಗಿನ ಕಾಗದ ದೊಡ್ಡಮ್ಮನ ಹತ್ತಿರವೇ ಇರಲಿ.

ನಿನ್ನ
ಗಣೇಶ