ಕೋಕೋ ಪುಡಿಯನ್ನು ಕುದಿಯುವ ಹಾಲಿಗೆ ಸುರಿಯಬಾರದು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಹಾಟ್ ಚಾಕೊಲೇಟ್ ತಯಾರಿಸುವ ಬಗೆಯನ್ನು ನಾಲ್ಕು ಸಾಲುಗಳಲ್ಲಿ ಪ್ರಕಟಿಸಲಾಗಿತ್ತು. ಕುದಿಯುವ ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ಕೋಕೋ ಪುಡಿ ಅಥವಾ ಡ್ರಿಂಕಿಂಗ್ ಚಾಕೊಲೇಟ್ ಪುಡಿ ಹಾಕಿ, ಚೆನ್ನಾಗಿ ಕಲಕಿ, ಬಿಸಿಯಾಗಿರುವಾಗಲೇ ಕುಡಿಯಲು ಕೊಡಿ ಎಂಬುದು ಅದರ ಸಾರಾಂಶ. ಹನ್ನೊಂದು ವರ್ಷದ ನನ್ನ ಮಗಳು ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡು, ಅದರಲ್ಲಿ ಬರೆದಿದ್ದಂತೆ ಅಕ್ಷರಶಃ ಮಾಡಿದಳು. ಲೋಟದ ಮೇಲೆ ಕಂದು ಬಣ್ಣದ ಗಂಟುಗಳು ತೇಲುತ್ತಿದ್ದವು. ಒಂದನ್ನು ಚಮಚದಿಂದ ಒಡೆದಾಗ ಒಳಗಿನ ಪುಡಿ ಒಂದಿಷ್ಟೂ ನೆನೆಯದೆ ಒಣಗಿಯೇ ಇತ್ತು. ಹಾಲು ಕುಡಿಯಲಾಗದಷ್ಟು ಕಹಿಯಾಗಿತ್ತು. ತನಗೆ ಅಡುಗೆ ಕೆಲಸ ಬರುವುದೇ ಇಲ್ಲವೆಂದು ಅವಳು ಲೋಟವನ್ನು ದೂರ ಸರಿಸಿದ್ದು ನನಗೆ ಬಹಳ ನೋವು ತಂದಿತು, ಏಕೆಂದರೆ ತಪ್ಪು ಅವಳದಾಗಿರಲಿಲ್ಲ. ಅದೇ ತುಣುಕನ್ನು ನಂಬಿ ಒಲೆಯ ಮುಂದೆ ನಿಂತ ಇತರ ಮಕ್ಕಳೂ ಇರಬಹುದೆಂಬ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ‘ಅಥವಾ’ ಎಂಬ ಪದದಿಂದ ಜೋಡಿಸಿರುವ ಆ ಎರಡು ಪುಡಿಗಳು ಒಂದಕ್ಕೊಂದು ಬದಲಿಯಲ್ಲ. ಕೋಕೋ ಬೀಜಗಳನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆದಾಗ ದೊರೆಯುವ ಮುದ್ದೆಯಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ. 1828ರಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟನ್ ಮನೆತನದವರು ಈ ಕೊಬ್ಬನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಕೊಬ್ಬಿನ ಬಹುಭಾಗ ಹೋದ ಮೇಲೆ ಉಳಿಯುವ ಹಿಂಡಿಯನ್ನು ಪುಡಿ ಮಾಡಿದರೆ ಅದೇ ಕೋಕೋ ಪುಡಿ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಿಂದ 12ರಷ್ಟು, ಸಮೃದ್ಧವಾದ ಬಗೆಯಲ್ಲಿ 20ರಿಂದ 24ರಷ್ಟು ಕೊಬ್ಬು ಉಳಿದಿರುತ್ತದೆ, ಆದರೆ ಸೇರಿಸಿದ ಸಕ್ಕರೆ ಇರುವುದಿಲ್ಲ. ಡ್ರಿಂಕಿಂಗ್ ಚಾಕೊಲೇಟ್ ಎಂದು ಮಾರುವ ಪುಡಿಯಲ್ಲಿಯಾದರೋ ಹೆಚ್ಚಿನ ಪಾಲು ಸಕ್ಕರೆಯದೇ ಆಗಿರುವುದು ಸಾಮಾನ್ಯ. ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆಯ ಹೆಸರು ಮೊದಲು ಬಂದಿದ್ದರೆ ಅದು ಯಾವ ಪುಡಿಯೆಂಬುದು ತಿಳಿಯುತ್ತದೆ. ಒಂದರ ಎರಡು ಚಮಚಕ್ಕೆ ಹಾಲು ಕಹಿಯಾಗುತ್ತದೆ, ಇನ್ನೊಂದರ ಎರಡು ಚಮಚಕ್ಕೆ ಹಾಲು ಬರಿಯ ಸಿಹಿಯಾಗುತ್ತದೆ. ಎರಡಕ್ಕೂ ಒಂದೇ ಅಳತೆ ಹೇಳುವುದು ಸರಿಯಲ್ಲ. ಕೋಕೋ ಪುಡಿಯಲ್ಲಿಯೇ ಸಹಜವಾದದ್ದು ಮತ್ತು ಕ್ಷಾರದಿಂದ ಸಂಸ್ಕರಿಸಿದ ಡಚ್ ಬಗೆಯದು ಎಂಬ ಭೇದವಿದೆ. ಮೊದಲನೆಯದು ಕೊಂಚ ಹುಳಿ, ಎರಡನೆಯದು ಬಣ್ಣದಲ್ಲಿ ಗಾಢ, ರುಚಿಯಲ್ಲಿ ಮೃದು. ಪಾನೀಯಕ್ಕೆ ಎರಡೂ ಆಗುತ್ತವೆ.

ಇನ್ನು ಗಂಟಿನ ವಿಷಯ. ನನ್ನ ದೃಷ್ಟಿಯಲ್ಲಿ ಹಾಟ್ ಚಾಕೊಲೇಟಿನ ಕೆಲಸವೆಲ್ಲ ಇದರಲ್ಲಿಯೇ ಇದೆ. ಕೋಕೋ ಪುಡಿ ಸಕ್ಕರೆಯಂತೆ ಕರಗುವ ವಸ್ತುವಲ್ಲ. ಅದರ ಅತಿ ಸಣ್ಣ ಕಣಗಳು ದ್ರವದಲ್ಲಿ ಹರಡಿಕೊಂಡು ನಿಲ್ಲುತ್ತವೆ, ಅಷ್ಟೆ. ಆ ಕಣಗಳಲ್ಲಿ ಕೊಬ್ಬಿನ ಅಂಶವಿರುವುದರಿಂದ ಅವು ಬೇಗನೆ ಒದ್ದೆಯಾಗುವುದಿಲ್ಲ, ಜೊತೆಗೆ ಪಿಷ್ಟವೂ ಇರುವುದರಿಂದ ಬಿಸಿ ಹಾಲಿಗೆ ಒಮ್ಮೆಗೇ ಬಿದ್ದ ಪುಡಿಯ ಗುಡ್ಡೆಯ ಹೊರಮೈ ತಟ್ಟನೆ ನೀರು ಹೀರಿ ಉಬ್ಬಿ, ಅಂಟಿನಂಥ ಪದರವಾಗಿ, ಒಳಗಿನ ಪುಡಿಗೆ ಹನಿಯೂ ತಾಗದಂತೆ ತಡೆದುಬಿಡುತ್ತದೆ. ಆಮೇಲೆ ಎಷ್ಟು ಕಲಕಿದರೂ ಗಂಟು ಚಮಚದಿಂದ ನುಣುಚಿಕೊಂಡು ಹಾಲಿನಲ್ಲಿ ಸುತ್ತುತ್ತದೆಯೇ ಹೊರತು ಒಡೆಯುವುದಿಲ್ಲ. ಅದೇ ಪುಡಿಗೆ ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿದರೆ ನುಣುಚಿಕೊಳ್ಳಲು ಗಂಟಿಗೆ ಜಾಗವಿರುವುದಿಲ್ಲ. ಪಾತ್ರೆಯ ತಳಕ್ಕೂ ಚಮಚಕ್ಕೂ ನಡುವೆ ಸಿಕ್ಕಿ ಅದು ನುಣ್ಣಗಾಗುತ್ತದೆ. ಪುಡಿಗೆ ಮೊದಲೇ ಸಕ್ಕರೆ ಬೆರೆಸಿದ್ದರೆ ಸಕ್ಕರೆಯ ಹರಳುಗಳು ಕೋಕೋ ಕಣಗಳನ್ನು ಒಂದರಿಂದ ಒಂದನ್ನು ದೂರವಿಟ್ಟು ಕೆಲಸವನ್ನು ಇನ್ನೂ ಹಗುರ ಮಾಡುತ್ತವೆ.

ನಾನು ಅನುಸರಿಸುವ ಕ್ರಮವನ್ನು ಅಳತೆಸಹಿತ ಬರೆಯುತ್ತೇನೆ. 200 ಮಿಲಿಲೀಟರ್ ಹಾಲಿಗೆ 10 ಗ್ರಾಂ ಕೋಕೋ ಪುಡಿ, 15 ಗ್ರಾಂ ಸಕ್ಕರೆ ಮತ್ತು ಒಂದು ಚಿಟಿಕೆ ಉಪ್ಪು ಸಾಕು. ಉಪ್ಪು ರುಚಿಗೆ ಕಾಣುವುದಿಲ್ಲ, ಆದರೆ ಕಹಿಯನ್ನು ತಗ್ಗಿಸುತ್ತದೆ. ಅದನ್ನು ಬಿಡಬಾರದೆಂಬುದು ನನ್ನ ಅನುಭವ. ಈ ಮೂರನ್ನೂ ದಪ್ಪ ತಳದ ಪಾತ್ರೆಯಲ್ಲಿ ಒಣದಾಗಿಯೇ ಬೆರೆಸಿ, ಮೂರು ದೊಡ್ಡ ಚಮಚ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ, ಹೊಳಪು ಬರುವವರೆಗೆ ಕಲಸಬೇಕು. ಬಳಿಕ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು, ಕೈಬಿಡದೆ ಕಲಕುತ್ತಾ, ಆ ಮಿಶ್ರಣವನ್ನು ಒಂದು ನಿಮಿಷ ಕುದಿಸಬೇಕು. ಈ ಒಂದು ನಿಮಿಷವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಕೋಕೋದೊಳಗಿನ ಪಿಷ್ಟ ಬೆಂದು ಪಾನೀಯಕ್ಕೆ ಮೈ ಬರುವುದು, ಹಸಿ ವಾಸನೆ ಹೋಗುವುದು ಮತ್ತು ಗಸಿ ಬೇಗ ತಳ ಸೇರದಿರುವುದು ಇದರಿಂದಲೇ. ಆಮೇಲೆ ಹಾಲನ್ನು ಮೊದಲು ಎರಡು ಚಮಚ, ನಂತರ ಅರ್ಧ, ಕೊನೆಗೆ ಉಳಿದದ್ದು ಎಂಬಂತೆ ಸೇರಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವಾಗ ಉರಿ ಆರಿಸಬೇಕು. ಹಾಲು ಉಕ್ಕುವವರೆಗೆ ಕಾಯಬಾರದು. ಜೋರಾಗಿ ಕುದಿದ ಹಾಲಿನಲ್ಲಿ ಕೆನೆಪದರ ದಪ್ಪಗಾಗುತ್ತದೆ, ತಳ ಹಿಡಿಯುತ್ತದೆ, ಕುದಿದ ಹಾಲಿನ ವಾಸನೆಯು ಚಾಕೊಲೇಟಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಇಷ್ಟಾದ ಮೇಲೂ ಲೋಟದ ತಳದಲ್ಲಿ ಕೊಂಚ ಗಸಿ ನಿಲ್ಲುವುದು ಕೋಕೋದ ಸ್ವಭಾವವೇ ಆಗಿರುವುದರಿಂದ, ಕುಡಿಯುವಾಗ ನಡುನಡುವೆ ಒಮ್ಮೆ ಕಲಕಿಕೊಂಡರಾಯಿತು.

ಪುಡಿಗೆ ಬದಲಾಗಿ ಚಾಕೊಲೇಟನ್ನೇ ಬಳಸುವವರು ಅಷ್ಟೇ ಹಾಲಿಗೆ ನೂರಕ್ಕೆ 60ರಿಂದ 70ರಷ್ಟು ಕೋಕೋ ಇರುವ 40 ಗ್ರಾಂ ಚಾಕೊಲೇಟನ್ನು ತೀರ ಸಣ್ಣಗೆ ಹೆಚ್ಚಿಟ್ಟುಕೊಳ್ಳಬೇಕು. ಕೋಕೋ ಬೆಣ್ಣೆಯು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ, ಅಂದರೆ ನಾಲಗೆಯ ಮೇಲಿನ ಬಿಸಿಗೇ ಕರಗುವುದರಿಂದ ಚಾಕೊಲೇಟನ್ನು ನೇರವಾಗಿ ಉರಿಯ ಮೇಲಿಡುವ ಅಗತ್ಯವಿಲ್ಲ. ಮೂರು ಚಮಚ ಬಿಸಿ ಹಾಲನ್ನು ಅದರ ಮೇಲೆ ಹಾಕಿ, ಅರ್ಧ ನಿಮಿಷ ಬಿಟ್ಟು, ನಡುವಿನಿಂದ ಹೊರಕ್ಕೆ ಕಲಕುತ್ತಾ ಬಂದರೆ ಹೊಳೆಯುವ ಮಿಶ್ರಣವಾಗುತ್ತದೆ. ಉಳಿದ ಹಾಲನ್ನು ಆಗ ಬೆರೆಸಬಹುದು. ಮೊದಲೇ ಚಾಕೊಲೇಟನ್ನು ಬೇರೆಯಾಗಿ ಕರಗಿಸಿಟ್ಟುಕೊಳ್ಳುವವರು, ಅದಕ್ಕೆ ಆವಿಯ ನಾಲ್ಕು ಹನಿ ಬಿದ್ದು ಮಣ್ಣಿನ ಮುದ್ದೆಯಂತೆ ಗಟ್ಟಿಯಾದಾಗ ಕೆಟ್ಟಿತೆಂದು ಎಸೆಯುವುದನ್ನು ನೋಡಿದ್ದೇನೆ. ಅದು ಕೆಟ್ಟಿರುವುದಿಲ್ಲ. ಅಲ್ಪ ನೀರಿಗೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇನ್ನಷ್ಟು ಬಿಸಿ ಹಾಲು ಹಾಕಿದರೆ ಅದೇ ಮುದ್ದೆ ಸಡಿಲವಾಗಿ ನುಣ್ಣಗಾಗುತ್ತದೆ. ಕೋಕೋ ಬೆಣ್ಣೆಯ ಬದಲಿಗೆ ಬೇರೆ ಸಸ್ಯದ ಕೊಬ್ಬು ಬಳಸಿದ ಕಾಂಪೌಂಡ್ ಚಾಕೊಲೇಟ್ ಮಾತ್ರ ಈ ಕೆಲಸಕ್ಕೆ ಬೇಡ. ನಾನು ಬಳಸಿದಾಗಲೆಲ್ಲ ಮೇಲೆ ಜಿಡ್ಡು ತೇಲಿದೆ, ರುಚಿಯೂ ಅಷ್ಟಕ್ಕಷ್ಟೇ ಆಗಿದೆ.

ಹಾಲು ಒಗ್ಗದವರ ವಿಷಯವನ್ನು ಪುರವಣಿ ಪ್ರಸ್ತಾಪಿಸಿಯೇ ಇರಲಿಲ್ಲ. ಈ ಪಾನೀಯ ಹುಟ್ಟಿದ್ದೇ ನೀರಿನಲ್ಲಿ. ಮಧ್ಯ ಅಮೆರಿಕದ ಮಾಯಾ ಜನರೂ ಮೆಕ್ಸಿಕೋದ ಅಜ್ಟೆಕ್ ಜನರೂ ಅರೆದ ಕೋಕೋವನ್ನು ನೀರಿನಲ್ಲಿ ಕದಡಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆ ಬರಿಸುತ್ತಿದ್ದರು. ಸ್ಪೇನಿನವರು ಬಂದ ನಂತರದ ಕಾಲದಲ್ಲಿ ಮೋಲಿನಿಯೋ ಎಂಬ ಮರದ ಕಡೆಗೋಲು ಬಳಕೆಗೆ ಬಂದಿತು, ಅದನ್ನು ಎರಡು ಅಂಗೈಗಳ ನಡುವೆ ಹಿಡಿದು ತಿರುಗಿಸುತ್ತಾರೆ. ನೊರೆ ಬರಿಸುವುದಕ್ಕೆ ಹೊಸ ಸಾಧನವೇನೂ ಬೇಕಿಲ್ಲವೆಂಬುದಕ್ಕೆ ಇಷ್ಟು ಸಾಕು. ನೀರಿನಲ್ಲಿ ಮಾಡಿದಾಗ ಹಾಲಿನ ಕೊಬ್ಬು ಅಡ್ಡ ಬಾರದೆ ಕೋಕೋದ ಪರಿಮಳ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಚಾಕೊಲೇಟನ್ನು ಕೊಂಚ ಹೆಚ್ಚು ಹಾಕಿಕೊಂಡರೆ ತೆಳ್ಳಗಾಯಿತೆಂಬ ಕೊರಗೂ ಇರುವುದಿಲ್ಲ.

ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ಉತ್ತೇಜಕ ವಸ್ತು ಮತ್ತು ಅಲ್ಪ ಪ್ರಮಾಣದ ಕೆಫೀನ್ ಇರುವುದರಿಂದ ಮಕ್ಕಳಿಗೆ ಮಲಗುವ ಹೊತ್ತಿಗೆ ದೊಡ್ಡ ಲೋಟ ಕೊಡದಿರುವುದು ಒಳ್ಳೆಯದು. ಉಳಿದದ್ದನ್ನು ನಾಯಿಗೆ ಹಾಕಲೇಬಾರದು. ಥಿಯೋಬ್ರೋಮಿನ್ ನಾಯಿಗೆ ವಿಷ.

ಪುರವಣಿಯ ಅಡುಗೆ ಅಂಕಣವನ್ನು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ಪುಡಿಯ ಹೆಸರನ್ನು ನಿಖರವಾಗಿ ಬರೆಯಿರಿ, ಚಮಚದ ಜೊತೆಗೆ ಗ್ರಾಂ ಲೆಕ್ಕವನ್ನೂ ಕೊಡಿ, ಪ್ರಕಟಿಸುವ ಮುನ್ನ ಯಾರಾದರೊಬ್ಬರು ಅದನ್ನು ಒಲೆಯ ಮೇಲೆ ಒಮ್ಮೆ ಮಾಡಿ ನೋಡಲಿ. ಸ್ಥಳದ ಅಭಾವವಿದ್ದರೆ ಅಲಂಕಾರದ ಚಿತ್ರವನ್ನು ಚಿಕ್ಕದು ಮಾಡಬಹುದು, ಆದರೆ ಪುಡಿಯನ್ನು ಮೊದಲು ನೀರಿನಲ್ಲಿ ಕಲಸಬೇಕೆಂಬ ಸಾಲನ್ನು ಬಿಡಬಾರದು. ಮೊನ್ನೆ ಮಗಳು ಈ ಕ್ರಮದಲ್ಲಿಯೇ ಇನ್ನೊಮ್ಮೆ ಮಾಡಿದಳು. ಒಂದು ಗಂಟೂ ಇರಲಿಲ್ಲ. ಆ ಹಳೆಯ ತುಣುಕು ಇನ್ನೂ ಅವಳ ಪುಸ್ತಕದಲ್ಲಿಯೇ ಇದೆ. ತಾವು ತಿದ್ದುಪಡಿಯನ್ನು ಪ್ರಕಟಿಸಿದ ದಿನ ಅದರ ಮೇಲೆಯೇ ಹೊಸದನ್ನು ಅಂಟಿಸುವುದಾಗಿ ಹೇಳಿದ್ದಾಳೆ.

ಇತಿ ತಮ್ಮ ವಿಶ್ವಾಸಿ,
ಪುರವಣಿಯನ್ನು ತಪ್ಪದೆ ಓದುವ ಒಬ್ಬ ತಾಯಿ