ತೆನೆ ಹಬ್ಬಕ್ಕೆ ತೆನೆಯೇ ಇಲ್ಲ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8 ನಮ್ಮ ಕರಾವಳಿ ಕ್ಯಾಥೊಲಿಕರಿಗೆ ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ. ಆ ತೆನೆಯ ಕಾಳು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕುಡಿಯುತ್ತೇವೆ. ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ. ಬಾಳೆ ಎಲೆ ಊಟ.

ನಾನು ನಮ್ಮ ಚರ್ಚಿನ ಒಂದು ವಾರ್ಡಿನ ಗುರ್ಕಾರ, ಅಂದರೆ ಮುಖಂಡ. ತೆನೆ ಹೊಂದಿಸುವ ಕೆಲಸ ನನ್ನದೇ. ಚರ್ಚಿನ ಹಿಂದಿನ ಗದ್ದೆಗಳಲ್ಲಿ ಈಗ ಅಡಿಕೆ, ಉಳಿದದ್ದು ಸೈಟು. ಕಳೆದ ಸಲ ಮೂರು ಊರು ಸುತ್ತಿದೆ. ಕೊನೆಗೆ ಕೊಟ್ಟವರು ಪಕ್ಕದೂರಿನ ಒಬ್ಬ ಅಜ್ಜಿ. ಅವರ ಮನೆಯಲ್ಲೂ ತೆನೆ ಕಟ್ಟುವ ಹಬ್ಬ ಇದೆಯಲ್ವಾ! ದುಡ್ಡು ಕೊಡಲು ಹೋದರೆ ಬೈದರು. ಕಬ್ಬು ಕೊಟ್ಟು ಬಂದೆ.

ಚರ್ಚು, ದೇವಸ್ಥಾನಗಳ ಬಳಿ ಹಡಿಲು ಬಿದ್ದ (ಬೇಸಾಯವಿಲ್ಲದೆ ಪಾಳು ಬಿದ್ದ) ಗದ್ದೆ ಇರುವವರು ಒಂದು ಮಡಿಯಾದರೂ ನಾಟಿಗೆ ಬಿಟ್ಟುಕೊಡಿ. ನೇಜಿ (ಭತ್ತದ ಸಸಿ) ನೆಡಲು ನಮ್ಮ ಯುವಕರನ್ನು ನಾನೇ ಕರೆತರುತ್ತೇನೆ. ನನಗೆ ಮಾತ್ರ ಸೊಂಟ ನೋವು, ಬದುವಿನ ಮೇಲೆ ಚಹಾ ಹಿಡಿದು ನಿಲ್ಲುತ್ತೇನೆ.

– ಒಬ್ಬ ಗುರ್ಕಾರ, ಬಂಟ್ವಾಳ ತಾಲೂಕು